ಮಾವನ ಮನೆಯ ಐದನೇ ರಿಮೋಟು

ಹೆಣ್ಣು ನೋಡಲು ಬಂದಾಗ ಚಹಾ ಆರುವ ಮೊದಲೇ ಒಪ್ಪಿಗೆ ಕೊಟ್ಟ ಮನುಷ್ಯ, ಒಂದು ರಿಮೋಟು ಆರಿಸಲು ರಾಯಚೂರಿನ ಅಂಗಡಿಗಳನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಜಾಲಾಡಿದ ಎಂದರೆ ನಂಬುತ್ತೀರಾ? ನಂಬಲೇಬೇಕು, ಯಾಕೆಂದರೆ ಅವನ ಹಿಂದೆ ಕೈಚೀಲ ಹಿಡಿದು ತಿರುಗಿದವನು ನಾನೇ! ಅವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಮನೆ ಮಾನ್ವಿಯಲ್ಲಿ, ಬೀಜ-ಗೊಬ್ಬರದ ಅಂಗಡಿ ಪೋತ್ನಾಳದಲ್ಲಿ, ಮನಸ್ಸು ಮಾತ್ರ ಸದಾ ದೇವದುರ್ಗದಲ್ಲಿ, ನಮ್ಮ ಮಾವನ ಪಡಸಾಲೆಯಲ್ಲಿ. ನನಗೆ ತ್ರಾಸು ಇರುವುದು ಆ ಕೊನೆಯದರಿಂದ.

ಮುಚ್ಚುಮರೆ ಯಾಕೆ? ಅವನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಹಿರಿಯ ಅಳಿಯ. ಅವನು ಬರುವವರೆಗೆ ಮಾವನ ಮನೆಯಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ನನ್ನದು, ಮೊದಲ ಹೋಳಿಗೆ ನನ್ನದು, "ದೊಡ್ಡ ಅಳಿಯಂದ್ರು ಏನಂತಾರ ಕೇಳ್ರಿ" ಎಂಬ ಮರ್ಯಾದೆಯೂ ನನ್ನದು. ಇವನು ಬಂದ. ಬಂದವನು ಮಾವನಿಗೆ ಹೋಂ ಥಿಯೇಟರ್ ತಂದು ಕೂರಿಸಿದ! ಐದು ಸ್ಪೀಕರು, ಜೊತೆಗೆ ನೆಲದ ಮೇಲೆ ಕೂತು ಗುಡುಗುವ ದೊಡ್ಡದೊಂದು ಡಬ್ಬಿ. ನಾನು ಕೊಟ್ಟಿದ್ದ ಗೋಡೆ ಗಡಿಯಾರ ಆ ಸದ್ದಿಗೆ ಮೊಳೆಯಿಂದ ಜಾರಿ ಬಿತ್ತು. ಕುರ್ಚಿಯೂ ಹೋಯಿತು, ಹೋಳಿಗೆಯೂ ಹೋಯಿತು. ಈಗ ಮಾವ ನನ್ನನ್ನು ಕಂಡರೆ "ಬಂದ್ರೇನು?" ಅನ್ನುತ್ತಾರೆ; ಅನ್ನುತ್ತಲೇ ನನ್ನ ಬೆನ್ನ ಹಿಂದೆ ಇಣುಕಿ "ಸಣ್ಣಾವ ಬರಲಿಲ್ಲೇನು?" ಎಂದು ಕೇಳುತ್ತಾರೆ.

ಆದರೆ ದೇವರು ದೊಡ್ಡವನು. ಹೋಂ ಥಿಯೇಟರಿನ ಹಿಂದೆಯೇ ರಿಮೋಟುಗಳ ಸಂಸಾರವೂ ಬಂತು. ಟೀವಿಗೊಂದು, ಡಿಶ್ಶಿನ ಪೆಟ್ಟಿಗೆಗೊಂದು, ಸಿನಿಮಾ ಹಾಕುವ ಪ್ಲೇಯರಿಗೊಂದು, ಸ್ಪೀಕರುಗಳಿಗೊಂದು. ಮಾವ ಸದ್ದು ತಗ್ಗಿಸಲು ಹೋದರೆ ಚಿತ್ರವೇ ಮಾಯ. ವಾರ್ತೆ ಹಚ್ಚಲು ಹೋದರೆ ಭಜನೆ! ಕಡೆಗೆ ಬೇಸತ್ತು, "ನಾಕಕ್ಕೂ ಕೂಡಿ ಒಂದ ರಿಮೋಟು ಸಿಗತೈತಂತ. ಮಹಾನವಮಿಯೊಳಗ ತಂದುಕೊಡ್ರಪಾ" ಎಂದರು. ಈ ಸಲವಾದರೂ ಆರಿಸಿದ ಹೆಸರು ನನಗೆ ಬರಲಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಷಡ್ಡಕ "ನಾನೂ ಅಣ್ಣನೂ ಹೋಗಿ ತರ್ತೀವಿ ಬಿಡ್ರಿ" ಎಂದುಬಿಟ್ಟ.

ಎರಡು ದಿನದ ಮೇಲೆ ರಾಯಚೂರಿನ ನನ್ನ ಮನೆಯ ಮುಂದೆ ಸರಕಿನ ಆಟೋ ನಿಂತಿತು, ಷಡ್ಡಕ ಇಳಿದ. ನೋಡುತ್ತೇನೆ, ಮಾವನ ಟೀವಿ ಕೌದಿ ಹೊದ್ದು ಮಲಗಿದೆ! ಪಕ್ಕದಲ್ಲಿ ಐದೂ ಸ್ಪೀಕರು, ಗುಡುಗುವ ಡಬ್ಬಿ, ಡಿಶ್ಶಿನ ಪೆಟ್ಟಿಗೆ, ಪ್ಲೇಯರು, ವಯರುಗಳ ಗಂಟು.

"ಏನಪಾ, ರಿಮೋಟು ತರಾಕ ಹೊಂಟೀವೋ, ಮಾವ್ರ ಮನಿ ಖಾಲಿ ಮಾಡಾಕತ್ತೀವೋ?"

"ಚಪ್ಪಲಿ ತಗೊಳ್ಳಾಕ ಹೋಗಾವ ಕಾಲು ಮನ್ಯಾಗ ಬಿಟ್ಟು ಹೋಗ್ತಾನೇನ್ರಿ ಅಣ್ಣಾ?"

ಇಂಥ ಮಾತೂ ಅವನಿಗೇ ಹೊಳೆಯಬೇಕೆ!

ಅಂಗಡಿಯಲ್ಲಿ ಅವನ ಪರೀಕ್ಷೆ ನೋಡಬೇಕಿತ್ತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಪ್ರತಿ ರಿಮೋಟನ್ನೂ ತಿರುವಿ, ತೂಗಿ, ಒಂದೊಂದೇ ಗುಂಡಿ ಒತ್ತಿ ಕಿವಿಗೆ ಹಿಡಿದು ಕೇಳುತ್ತಿದ್ದ. ನಾಲ್ಕನೇ ಅಂಗಡಿಯಲ್ಲಿ ಗೋಡೆಯ ತುಂಬ ಟೀವಿಗಳು. ಹೊರಗೆ ಕ್ರಿಕೆಟ್ಟಿನ ಕೊನೆಯ ಓವರಿಗೆ ಉಸಿರು ಹಿಡಿದು ನಿಂತ ಜನ. ಇವನು ಒಂದು ಗುಂಡಿ ಒತ್ತಿದ. ಅಷ್ಟೂ ಟೀವಿ ಒಮ್ಮೆಲೇ ಕಣ್ಣು ಮುಚ್ಚಿದವು! ಹೊರಗಿನಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಅಂಗಡಿಯ ಚಾಚಾ ತಲೆಯ ಮೇಲೆ ಕೈಹೊತ್ತು, "ಅರೇ ಭಾಯ್, ರಿಮೋಟರ ತಗೋರಿ, ಇಲ್ಲಾ ದುಕಾನರ ತಗೋರಿ!" ಎಂದ.

ನಾನು ಗುಂಡಿ ಕಡಿಮೆ ಇರುವ ಸಣ್ಣದೊಂದನ್ನು ಆರಿಸಿದ್ದೆ. "ಮಾವ್ರ ಬೆರಳು ದಪ್ಪ. ಇದ ಸಾಕು" ಎಂದೆ.

"ಮಾವ್ರ ಕೈಯಾಗ ಅದು ಬೀಡಿ ಕಟ್ಟಿನಂಗ ಕಾಣತೈತ್ರಿ ಅಣ್ಣಾ!" ಎಂದವನೇ ಲಟ್ಟಣಿಗೆಯಷ್ಟು ಉದ್ದದ್ದೊಂದನ್ನು ಕೊಂಡ. ಚಾಚಾ ಕೂಡ ಅವನ ಕಡೆಗೇ! ಮನೆಗೆ ಬಂದರೆ ಹೆಂಡತಿ, "ನಮ್ಮ ತಂಗಿ ಗಂಡಗ ಆರಸಾಕ ಭಾಳ ಛಂದ ಬರತೈತಿ" ಎಂದಳು.

"ಯಾಕ, ನಿನ್ನ ಆರಿಸಿದಾವ ನಾನಲ್ಲೇನು?"

"ಅದು ನಿಮ್ಮವ್ವ ಆರಿಸಿದ್ದು!"

ಮಹಾನವಮಿಗೆ ಎಲ್ಲರೂ ದೇವದುರ್ಗದಲ್ಲಿ ಸೇರಿದೆವು. ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಷಡ್ಡಕ ರಿಮೋಟನ್ನೂ ಪೂಜೆಗೆ ಇಟ್ಟ. ಭಕ್ತಿ ಉಕ್ಕಿ, ನೀರಿನಲ್ಲಿ ತೇದ ವಿಭೂತಿಯನ್ನು ಅದರ ಮೂತಿಗೇ ದಪ್ಪಗೆ ಬಳಿದು ಮೇಲೆ ಕುಂಕುಮ ಇಟ್ಟ. ಮರುದಿನ ಸಂಜೆ ಬನ್ನಿ ಹಂಚಿಕೊಂಡು ಓಣಿಯ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತರು. ಮಾವ ಗತ್ತಿನಿಂದ ರಿಮೋಟು ಎತ್ತಿ ಗುಂಡಿ ಒತ್ತಿದರು. ಟೀವಿ ಮಿಸುಕಲಿಲ್ಲ. ಕೈ ಉದ್ದ ಚಾಚಿ ಒತ್ತಿದರು, ಎದ್ದು ನಿಂತು ಒತ್ತಿದರು. ಷಡ್ಡಕ ಸೆಲ್ಲು ಬದಲಿಸಿದ, ಸ್ಪೀಕರಿಗೆ ಕೈಮುಗಿದ. ಊಹೂಂ! ರಿಮೋಟಿನ ಬೆಳಕು ಹೊರಡುವ ಮೂತಿ ವಿಭೂತಿಯಲ್ಲಿ ಮುಚ್ಚಿಹೋಗಿದೆ ಎಂಬುದು ನನಗೆ ಕಾಣುತ್ತಿತ್ತು. ಹಾಲು ಕುಡಿದಷ್ಟು ಸಂತೋಷವಾಗಿ ಸುಮ್ಮನೆ ಕೂತೆ.

"ಯಾವಾಂವ ಆರಿಸ್ಯಾನ ಇದನ್ನ?" ಓಣಿಯವರ ಮುಂದೆ ಮಾವನ ದನಿ ಏರಿತು.

"ನಾನ... ಯಪ್ಪಾ" ಎಂದ ಷಡ್ಡಕ. ಅಷ್ಟು ದೊಡ್ಡ ಆಳು, ಬರೆಯುವ ಪಾಟಿ ಒಡೆದುಕೊಂಡು ಬಂದ ಹುಡುಗನಂತೆ ನಿಂತಿದ್ದ.

ಅವನಿಗೆ ಮಾತು ಬರುವ ಮೊದಲೇ ತಂದೆ ತೀರಿಕೊಂಡಿದ್ದರು. ಯಪ್ಪಾ ಎಂದು ಕರೆಯಲು ಈ ಭೂಮಿಯ ಮೇಲೆ ಅವನಿಗಿರುವುದು ನಮ್ಮ ಮಾವ ಒಬ್ಬರೇ. ನನಗಾದರೆ ನಮ್ಮೂರು ಹಿರೇಕೊಟ್ನೆಕಲ್ಲಿನಲ್ಲಿ ಬೈಯಲಿಕ್ಕೂ ಹೊಗಳಲಿಕ್ಕೂ ಅಪ್ಪ ಗಟ್ಟಿಯಾಗಿದ್ದಾನೆ. ನಾನು ಕುರ್ಚಿಗಾಗಿ ಉರಿಯುತ್ತಿದ್ದೆ. ಅವನು ಅಪ್ಪನಿಗಾಗಿ ಓಡಾಡುತ್ತಿದ್ದ.

"ಇಬ್ರೂ ಕೂಡಿ ಆರಿಸೀವ್ರಿ ಮಾವಾ" ಎಂದು ಎದ್ದೆ. ಪೂಜೆಯ ವಿಭೂತಿಯನ್ನು ಒರೆಸಿ ಚೆಲ್ಲಬಾರದಲ್ಲ, ಹೆಬ್ಬೆರಳಿನಿಂದ ಬಳಿದುಕೊಂಡು ಷಡ್ಡಕನ ಹಣೆಗೆ ಹಚ್ಚಿದೆ. ಉಳಿದದ್ದನ್ನು ನನ್ನ ಹಣೆಗೆ ಹಚ್ಚಿಕೊಂಡು ಗುಂಡಿ ಒತ್ತಿದೆ. ಐದೂ ಸ್ಪೀಕರು ಒಟ್ಟಿಗೆ ಗುಡುಗಿದವು! ಆ ಗದ್ದಲದಲ್ಲಿ ಅವನು ನನ್ನ ಮುಂಗೈ ಹಿಡಿದು "ಅಣ್ಣಾ" ಎಂದದ್ದು ನನಗೊಬ್ಬನಿಗೇ ಕೇಳಿಸಿತು. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಹೋಗಿಲ್ಲ. ಇರಲಿ ಬಿಡಿ, ಸ್ವಂತ ತಮ್ಮನ ಮೇಲೆ ಪಡದೆ ಇನ್ನಾರ ಮೇಲೆ ಪಡಲಿ?