ಸಿಂಕಿನಲ್ಲಿಟ್ಟ ಸಾಕ್ಷಿ

ನಾನು: ಅಜ್ಜೀ, ಆ ತಟ್ಟೆ ಮುಟ್ಟಬೇಡ! ಕೆಳಗಿಡು!

ಅಜ್ಜಿ: ಇದು ತಟ್ಟೇನಾ? ಹಸಿರು ಕಂಡಿತು, ನಾನು ಹೂಕುಂಡ ಅಂದ್ಕೊಂಡೆ.

ನಾನು: ಅದು ಸಾಕ್ಷಿ. ಸಿಂಕಲ್ಲಿರೋದೆಲ್ಲ ಸಾಕ್ಷಿ. ಇವತ್ತು ಭತ್ಯೆ ವಿಚಾರಣೆಗೆ ಬರೋ ಅಧಿಕಾರಿಗೆ ಕಣ್ಣಾರೆ ಕಾಣಬೇಕು, ಈ ಹುಡುಗನ ಕೈಲಿ ತಟ್ಟೆ ತೊಳೆಯೋಕೂ ಆಗಲ್ಲ ಅಂತ.

ಅಜ್ಜಿ: ಅವಳಿಗೆ ಕಾಣೋದು ಡೋರೀನ್ ಮೊಮ್ಮಗ ಕೊಳಕ ಅಂತ.

ನಾನು: ಡೋರೀನ್ ಅಂದ್ರೆ ನೀನು ಅಂತ ಆಕೆಗೆ ಗೊತ್ತೇ ಇಲ್ವಲ್ಲ!

ಅಜ್ಜಿ: ಈ ಸಿಂಕ್ ನೋಡಿದ ಮೇಲೆ ವಿಚಾರಿಸ್ತಾಳೆ.

ಗ್ರಿಮ್ಸ್‌ಬಿ ಊರಿನ ಒಂದು ಕಾರ್ಪೆಟ್ ಅಂಗಡಿಯಲ್ಲಿ ನನಗೆ ಕೆಲಸ. ಮೊದಲು ವಾರಪೂರ್ತಿ ಹೋಗುತ್ತಿದ್ದೆ, ಈಗ ವಾರಕ್ಕೆರಡು ದಿನ ಬೆಳಗ್ಗೆ ಮಾತ್ರ. ನನ್ನ ಸುಸ್ತಿನ ಕಾಯಿಲೆಗೆ ಡಾಕ್ಟರು ಉದ್ದನೆಯದೊಂದು ಹೆಸರು ಇಟ್ಟಿದ್ದಾರೆ. ಅದನ್ನು ಪೂರ್ತಿ ಹೇಳುವಷ್ಟು ತ್ರಾಣ ನನಗಿಲ್ಲ. ಒಮ್ಮೆ ಅಂಗಡಿಯಲ್ಲಿ ಹಾಸಿಟ್ಟ ಕಾರ್ಪೆಟ್ ಮೇಲೇ ಉರುಳಿಕೊಂಡಿದ್ದೆ. ಗಿರಾಕಿಯೊಬ್ಬರು ಬಂದು ಇದು ಮೆತ್ತಗಿದೆಯೇ ಎಂದು ಕೇಳಿದರು. ಮಲಗಿದ್ದಲ್ಲಿಂದಲೇ ಮಾರಿಬಿಟ್ಟೆ. ಸರ್ಕಾರದ ಅಂಗವಿಕಲರ ಭತ್ಯೆ ಸಿಕ್ಕರೆ ಈ ಬಾಡಿಗೆ ಗೂಡು ಉಳಿಯುತ್ತದೆ. ಇಲ್ಲದಿದ್ದರೆ ಅಜ್ಜಿಯ ಮನೆಯ ಚಿಕ್ಕ ಕೋಣೆಯೇ ಗತಿ.

ಅಜ್ಜಿ: ಆ ಕೋಣೆ ಆಸೆ ಬಿಟ್ಬಿಡು. ಅಲ್ಲಿ ನನ್ನ ವ್ಯಾಯಾಮದ ಸೈಕಲ್ ಇದೆ.

ನಾನು: ನೀನು ಅದನ್ನ ತುಳಿದಿದ್ದು ನಾನಂತೂ ನೋಡಿಲ್ಲ.

ಅಜ್ಜಿ: ತುಳಿಯೋಕಲ್ಲ ಕಣೋ, ಒಳಬಟ್ಟೆ ಒಣಗಿಸೋಕೆ. ಬಾ, ಅಭ್ಯಾಸ ಮಾಡೋಣ. ನಾನೇ ಅಧಿಕಾರಿ ಅಂದ್ಕೋ. (ಕನ್ನಡಕವನ್ನು ಮೂಗಿನ ತುದಿಗಿಳಿಸಿ) ಗುಡ್ ಮಾರ್ನಿಂಗ್ ಕ್ರೇಗ್. ಹೇಗಿದೀರಿ?

ನಾನು: ಚೆನ್ನಾಗಿದೀನಿ. ನೀವು?

ಅಜ್ಜಿ: ಮುಗೀತು! ಭತ್ಯೆ ಹೊಸ್ತಿಲಲ್ಲೇ ಪ್ರಾಣ ಬಿಡ್ತು.

ನಾನು: ಹೇಗಿದೀರಿ ಅಂದ್ರೆ ಮತ್ತೇನನ್ನಲಿ? ಬಾಯಿಗೆ ತಾನಾಗೇ ಬರುತ್ತೆ.

ಅಜ್ಜಿ: ನಿಜ ಹೇಳು. ಸ್ನಾನ ಆದ ಮೇಲೆ ಟವೆಲ್ ಸುತ್ಕೊಂಡು ಮಧ್ಯಾಹ್ನದವರೆಗೂ ಮಂಚದ ಅಂಚಲ್ಲಿ ಕೂತೇ ಇರ್ತೀಯಲ್ಲ, ಅದನ್ನ ಹೇಳು.

ನಾನು: ಗುರುತಿಲ್ಲದ ಹೆಂಗಸಿಗೆ ಟವೆಲ್ ಕತೆ ಹೇಳಲಾ? ನಾಚಿಕೆ ಆಗಲ್ವಾ?

ಅಜ್ಜಿ: ಸಿಂಕ್ ತೋರಿಸೋಕೆ ಇಲ್ಲದ ನಾಚಿಕೆ ಟವೆಲ್‌ಗೆ ಬಂತು! ಮತ್ತೆ ಕೇಳ್ತೀನಿ. ಹೇಗಿದೀರಿ?

ನಾನು: (ಹಲ್ಲು ಕಚ್ಚಿ) ತುಂಬಾ... ತುಂಬಾನೇ ಕಷ್ಟ... ಅಂಥದ್ದೇನಿಲ್ಲ ಬಿಡಿ. ನಿಮ್ಮ ಮಂಡಿ ನೋವು ಹೇಗಿದೆ?

ಅಜ್ಜಿ: ನನ್ನ ಮಂಡೀನಾ? ಅಯ್ಯೋ, ಅದನ್ನೇನು ಕೇಳ್ತೀಯ, ರಾತ್ರಿಯೆಲ್ಲ... ಏಯ್! ನಾನು ಅಧಿಕಾರಿ ಕಣೋ!

ಕಾಯಿಲೆಯವನಂತೆ ಮಾತಾಡುವ ಅಭ್ಯಾಸದಲ್ಲೇ ನನ್ನ ಅಂದಿನ ಶಕ್ತಿಯೆಲ್ಲ ಖರ್ಚಾಯಿತು. ಸೋಫಾಕ್ಕೆ ಒರಗಿ ಒಂದಿಷ್ಟು ಕಣ್ಣು ಮುಚ್ಚಿದೆ. ತೆರೆದಾಗ ಮನೆಯೆಲ್ಲ ನಿಂಬೆಯ ವಾಸನೆ. ಸಿಂಕಿನಲ್ಲಿ ಮುಖ ನೋಡಿಕೊಳ್ಳಬಹುದಿತ್ತು.

ನಾನು: ಅಜ್ಜೀ! ಏನ್ಮಾಡಿಬಿಟ್ಟೆ?

ಅಜ್ಜಿ: ಕೈ ತಡೀಲಿಲ್ಲ ಕಣೋ ಮರಿ. ಒಂಚೂರೇ ಒರೆಸಿದೆ. ಕಿಟಕಿ, ನೆಲ, ಫ್ರಿಜ್ಜಿನ ಹಿಂದುಗಡೆ...

ನಾನು: ಈ ಮನೆ ನೋಡಿದ್ರೆ ನನಗೆ ಭತ್ಯೆ ಕೊಡಲ್ಲ, ಬಹುಮಾನ ಕೊಡ್ತಾರೆ!

ಅಜ್ಜಿ: ಅಳಬೇಡ, ಮತ್ತೆ ಕೊಳೆ ಮಾಡಿದ್ರಾಯ್ತು. ತಟ್ಟೆಗೆ ಬಳಿಯೋಕೆ ಆ ಬೀನ್ಸ್ ಡಬ್ಬಿ ಎಲ್ಲಿ?

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತ, ಮಳೆಗೆ ನೆಂದ ಅಧಿಕಾರಿ.

ಅಧಿಕಾರಿ: ನಾನು ಬೆವರ್ಲಿ. ಹೇಗಿದೀರಿ, ಕ್ರೇಗ್?

ನಾನು: ಚೆನ್ನಾಗಿದೀನಿ, ನೀವು? ಬನ್ನಿ ಬನ್ನಿ, ನೆಂದುಬಿಟ್ಟಿದೀರಲ್ಲ! ಕೂತ್ಕೊಳ್ಳಿ, ಟೀ ತರ್ತೀನಿ.

ಹಿಂದಿನಿಂದ ಅಜ್ಜಿ ನನ್ನ ಅಂಗಿ ಜಗ್ಗಿದಳು. ಆದರೆ ಬಂದವರಿಗೆ ಟೀ ಅಂದು ಆಮೇಲೆ ಇಲ್ಲ ಅನ್ನುವುದು ಅವಳ ಶಾಸ್ತ್ರದಲ್ಲೂ ಇಲ್ಲ. ಅಜ್ಜಿಯ ಮಂಡಿ ನೋವೆಂದು ಅವಳನ್ನೂ ಕೂರಿಸಿ, ವೀರನಂತೆ ಅಡುಗೆಮನೆಗೆ ನಡೆದೆ. ಕೆಟಲಿಗೆ ನೀರು ತುಂಬಿದೆ, ಗುಂಡಿ ಒತ್ತಿದೆ. ಕಪ್ಪಿಗೆ ಕೈ ಎತ್ತಿದಾಗ ಕಾಲುಗಳು ರಾಜೀನಾಮೆ ಕೊಟ್ಟವು. ಹೊಳೆಯುವ ನೆಲದ ಮೇಲೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕುಸಿದೆ. ಕೆಟಲು ಕುದಿದು ತಾನಾಗಿ ಆರಿತು. ನಾನು ಅದಕ್ಕೂ ಮೊದಲೇ ಆರಿದ್ದೆ.

ಆಚೆ ಕೋಣೆಯ ಮಾತು ಕೇಳಿಸುತ್ತಿತ್ತು.

ಅಧಿಕಾರಿ: ಮನೆ ಎಷ್ಟು ಚೊಕ್ಕಟವಾಗಿದೆ! ಎಲ್ಲ ಕ್ರೇಗ್ ಅವರೇ ಮಾಡ್ತಾರಾ?

ಮಂಡಿ ನೋವನ್ನೂ ಮರೆತು ಅಜ್ಜಿ ಎದ್ದು ನಿಂತ ಸದ್ದಾಯಿತು.

ಅಜ್ಜಿ: ಇಲ್ಲ ತಾಯಿ. ನಾನೇ ಈಗ ತಾನೇ ತೊಳೆದೆ. ನೀವೇನಂದ್ಕೋತೀರೋ ಅಂತ ನಾಚಿಕೆಗೆ ತೊಳೆದೆ. ಸಿಂಕಲ್ಲಿ ತಟ್ಟೆ ಬೂಸ್ಟು ಹಿಡಿದಿತ್ತು, ಫ್ರಿಜ್ಜಲ್ಲಿ ಹಾಲು ಮೊಸರಾಗಿತ್ತು. ಅವನು ಕೊಳಕ ಅಲ್ಲ, ಅವನ ಕೈಲಿ ಆಗಲ್ಲ. ನನ್ನ ಹೆಸರು ಡೋರೀನ್. ಅದನ್ನೂ ಬರ್ಕೊಳ್ಳಿ.

ಬೆವರ್ಲಿ ಅಡುಗೆಮನೆಗೆ ಬಂದು, ನೆಲದ ಮೇಲಿದ್ದ ನನ್ನನ್ನು ಕಂಡರು.

ಅಧಿಕಾರಿ: ಕ್ರೇಗ್! ಹೇಗಿದೀರಿ?

ನಾನು: (ನೆಲದಿಂದಲೇ) ಪರವಾಗಿಲ್ಲ. ನಿಮಗೆ ಸಕ್ಕರೆ ಎಷ್ಟು ಹಾಕಲಿ?

ಅಜ್ಜಿ: ನಾಳೆ ಶವಪೆಟ್ಟಿಗೆಯೊಳಗಿಂದಲೂ ಇದನ್ನೇ ಅಂತಾನೆ. ಬರ್ಕೊಳ್ಳಿ!

ಬೆವರ್ಲಿ ನನ್ನ ಕಾಲುಗಳನ್ನು ದಾಟಿ ಹೋಗಿ ತಾವೇ ಕಪ್ಪು ತೆಗೆದರು, ತಾವೇ ಟೀ ಮಾಡಿದರು, ನನ್ನದನ್ನು ನೆಲಕ್ಕೇ ತಂದುಕೊಟ್ಟರು. ಆಮೇಲೆ ಸ್ಟೂಲ್ ಎಳೆದುಕೊಂಡು, ಲ್ಯಾಪ್‌ಟಾಪಿನ ಪ್ರಶ್ನೆಗಳನ್ನು ಒಂದೊಂದಾಗಿ ಓದುತ್ತ, ಸ್ನಾನ ಆದ ಮೇಲೆ ಏನಾಗುತ್ತದೆ ಎಂದು ಕೇಳಿದರು. ಮುಖ ನೋಡಲಾಗದೆ ಅವರ ಬೂಟುಗಳಿಗೆ ಟವೆಲ್ ಕತೆ ಹೇಳಿದೆ. ಅವರು ಬಹಳ ಹೊತ್ತು ಟೈಪ್ ಮಾಡಿದರು. ತೀರ್ಮಾನ ಅಂಚೆಯಲ್ಲಿ ಬರುತ್ತದೆಂದು ಹೇಳಿ ಹೊರಟರು.

ನಾನು: ಸಿಗುತ್ತೆ ಅಂತೀಯಾ ಅಜ್ಜಿ?

ಅಜ್ಜಿ: ನಿನ್ನದು ನನಗೆ ಗೊತ್ತಿಲ್ಲಪ್ಪ. ಆದ್ರೆ ಅವಳಿಗಂತೂ ಭತ್ಯೆ ಸಿಗಲ್ಲ. ಯಾರದೋ ಅಡುಗೆಮನೇಲಿ, ಯಾರ ಸಹಾಯವೂ ಇಲ್ಲದೆ ಮೂರು ಜನಕ್ಕೆ ಟೀ ಮಾಡಿ, ಕಪ್ಪು ಬೇರೆ ತೊಳೆದಿಟ್ಟು ಹೋದಳು!