ಮಾವನ ಎಳೇ ರಕ್ತನಾಳಗಳು

ನನ್ನ ಸೋದರಮಾವನಿಗೆ ಮುಪ್ಪು ಬರಲಿ ಎಂದು ನಾನು ಬೇಡಿಕೊಂಡಷ್ಟು ಬೇರೆ ಯಾವುದನ್ನೂ ದೇವರಲ್ಲಿ ಬೇಡಿಕೊಂಡವನಲ್ಲ. ಸಾಯಲಿ ಎಂದಲ್ಲ, ಅಪಾರ್ಥ ಮಾಡಿಕೊಳ್ಳಬೇಡಿ. ನಾಲ್ಕು ಕೂದಲು ಬೆಳ್ಳಗಾಗಲಿ, ಮೆಟ್ಟಿಲು ಹತ್ತುವಾಗ ಒಮ್ಮೆಯಾದರೂ ಉಸ್ಸಪ್ಪಾ ಎಂದು ಕೂತುಕೊಳ್ಳಲಿ, ಅಷ್ಟೇ. ಆದರೆ ಆ ಮನುಷ್ಯ ಮುದುಕನಾಗಲು ಒಪ್ಪಲೇ ಇಲ್ಲ!

ನನಗೇನು ತೊಂದರೆ ಅಂತೀರಾ? ನಮ್ಮದು ಅಳಿಯಸಂತಾನದ ಮನೆ. ಕುಟುಂಬದ ಯಜಮಾನಿಕೆ ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಸೋದರಳಿಯನಿಗೆ. ಹೊಸ ಕಾನೂನು ಬಂದು ಆಸ್ತಿಯ ಕಥೆ ಬೇರೆಯಾಗಿತ್ತು, ಅದರ ಆಸೆ ನನಗಿರಲಿಲ್ಲ. ನನಗೆ ಬೇಕಾದದ್ದು ಪಡೀಲಿನ ನಮ್ಮ ಕುಟುಂಬದ ಮನೆಯಲ್ಲಿ ದೈವದ ಕೋಣೆಯ ಎದುರಿನ ಒಂದು ಮೊಳ ಜಾಗ. ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಪೂಜೆ ಕೊಡುವಾಗ ಯಜಮಾನ ಅಲ್ಲಿ ಶಾಲು ಹೊದ್ದು ನಿಲ್ಲುತ್ತಾನೆ. ಮೊದಲ ಪ್ರಸಾದ ಅವನಿಗೆ. ಮದುವೆಯಾಗಲಿ, ಉತ್ತರಕ್ರಿಯೆಯಾಗಲಿ, ಅವನು "ಆಗಲಿ" ಎಂದ ಮೇಲೆಯೇ ಎಲೆ ಹಾಕುವುದು. ನನ್ನ ಅಮ್ಮನಿಗೆ ನಾಲ್ವರು ತಮ್ಮಂದಿರು. ಮೊದಲಿನ ಮೂವರು ಐವತ್ತು ಕಾಣದೆ ಒಬ್ಬರ ಹಿಂದೊಬ್ಬರು ಹೋದರು. ಉಳಿದವರು ಈ ಮಾವ ಒಬ್ಬರೇ, ನನಗಿಂತ ಎಂಟು ವರ್ಷ ದೊಡ್ಡವರು. ಅವರ ನಂತರ ನಾನೇ. ಸ್ವಲ್ಪ ಕಾಯುವಾ ಎಂದುಕೊಂಡಿದ್ದೆ.

ಮಾವನಿಗೆ ಬಂದರಿನಲ್ಲಿ ಕಬ್ಬಿಣದ ಪೈಪುಗಳ ಅಂಗಡಿ. ಅವರು ವೈದ್ಯ ಕಲಿತದ್ದೂ ಅಲ್ಲಿಯೇ. ಉಪ್ಪುನೀರು ಹರಿದು ಒಳಗೆಲ್ಲ ಕಟ್ಟಿಕೊಂಡ ಹಳೇ ಪೈಪಿನ ತುಂಡೊಂದು ಮೇಜಿನ ಮೇಲೆ ಸದಾ ಇರುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಅದರ ತೂತಿನಲ್ಲಿ ಇಣುಕಲು ಹೇಳುತ್ತಿದ್ದರು.

"ನೋಡು ಮಾರಾಯ, ಹೊರಗಿನಿಂದ ಎಷ್ಟು ಗಟ್ಟಿ ಉಂಟು. ಒಳಗೆ ಬೆರಳು ಹೋಗುವುದಿಲ್ಲ. ಮನುಷ್ಯನಿಗೆ ಪ್ರಾಯ ಆಗುವುದು ಕೂದಲಲ್ಲಿ ಅಲ್ಲ, ರಕ್ತನಾಳದಲ್ಲಿ."

"ಅದಕ್ಕೆ ಎಂತ ಮಾಡುವುದು?"

"ಮದ್ದುಂಟು."

ಪೈಪು ಕೊಳ್ಳಲು ಬಂದವರು ತಮ್ಮ ಕೈನಾಡಿ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು.

ಮದ್ದು ಒಂದಾ ಎರಡಾ? ಬೆಳಿಗ್ಗೆ ಹಾಲಿಗೆ ಅಯೋಡಿನ್ ಹನಿ, ನಾಳ ಗಟ್ಟಿಯಾಗದಿರಲಿಕ್ಕೆ. ಮಧ್ಯಾಹ್ನ ಬೆಳ್ಳುಳ್ಳಿ ಗುಳಿಗೆ. ಸಂಜೆ ಸರ್ಪಗಂಧದ ಮಾತ್ರೆ, ರಕ್ತದ ಒತ್ತಡಕ್ಕೆ. ಇದಲ್ಲದೆ ಹಂಪನಕಟ್ಟೆಯ ಡಾಕ್ಟರು ಕೊಟ್ಟ ಒಂದು ಬಿಳಿ ಮಾತ್ರೆ, ರಕ್ತದಲ್ಲಿರುವ ಕೊಬ್ಬು ಇಳಿಸಲಿಕ್ಕೆ. ನನ್ನ ಹೊಟ್ಟೆಯುರಿಯೆಲ್ಲ ಆ ಬಿಳಿ ಮಾತ್ರೆಯ ಮೇಲೆ. ಅದನ್ನು ನುಂಗಿದ ಸ್ವಲ್ಪ ಹೊತ್ತಿನಲ್ಲಿ ಮಾವನ ಮುಖ, ಕಿವಿ, ಕುತ್ತಿಗೆ ಎಲ್ಲ ಕೆಂಪಗೆ ಹೊಳೆಯುತ್ತಿತ್ತು. ಅದು ಮದ್ದಿನ ಗುಣ, ಹೆದರಬೇಡಿ ಎಂದಿದ್ದರಂತೆ ಡಾಕ್ಟರು. ಹೆದರುವವರು ಯಾರು? ಮನೆಯ ಹೆಂಗಸರೆಲ್ಲ ಮಾವನ ಮುಖದ ಕಳೆಯನ್ನು ಹೊಗಳುವವರೇ. ನನ್ನ ಹೆಂಡತಿಯೂ ಹೊಗಳುತ್ತಿದ್ದಳು. ಹೊಗಳಿ, ನನ್ನ ಬೋಳುತಲೆಯ ಕಡೆಗೊಮ್ಮೆ ನೋಡಿ, ಸುಮ್ಮನಾಗುತ್ತಿದ್ದಳು. ಆ ಸುಮ್ಮನಾಗುವುದಿದೆಯಲ್ಲ, ಅದನ್ನು ಯಾವ ಗಂಡಸು ಸಹಿಸುತ್ತಾನೆ?

ಒಮ್ಮೆ ನನ್ನ ತಂಗಿಯ ಮಗಳನ್ನು ನೋಡಲು ತೊಕ್ಕೊಟ್ಟಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಇವತ್ತು ನನ್ನ ಮುಖದಲ್ಲೂ ಸ್ವಲ್ಪ ಕಳೆ ಇರಲಿ ಎಂದು ಮಾವನ ಕಪಾಟಿನಿಂದ ಎರಡು ಬಿಳಿ ಮಾತ್ರೆ ತೆಗೆದು ಖಾಲಿ ಹೊಟ್ಟೆಗೆ ನುಂಗಿದೆ. ಕಳೆಯಾ ಅದು? ಮೈಗೆಲ್ಲ ಮೆಣಸು ಅರೆದು ಹಚ್ಚಿದ ಹಾಗಾಯಿತು! ಕಣ್ಣು ಕೆಂಪು, ಕಿವಿ ಕೆಂಪು, ತಲೆಯ ಬೋಳೂ ಕೆಂಪು. ಗಂಡಿನ ತಂದೆ ನನ್ನ ಪಕ್ಕದಿಂದ ಮೆಲ್ಲನೆ ಎದ್ದು ಆಚೆ ಕುರ್ಚಿಗೆ ಹೋದರು. ಆಮೇಲೆ ಅಮ್ಮನ ಹತ್ತಿರ ತಗ್ಗಿದ ದನಿಯಲ್ಲಿ, "ಇವರಿಗೆ ಹಗಲೇ ಕುಡಿಯುವ ಅಭ್ಯಾಸ ಉಂಟಾ?" ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾವನ ಕಡೆ ಕೈ ತೋರಿಸಿ, "ಅವರು ಹುಡುಗಿಯ ಅಣ್ಣನಾ?" ಎಂದೂ ಕೇಳಿದರು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು.

ಮರುದಿನ ಮಾವ ನನ್ನನ್ನು ಕರೆದರು. "ಮಾತ್ರೆ ಊಟ ಆದ ಮೇಲೆ ತಿನ್ನಬೇಕು ಮಾರಾಯ. ಅದೂ ಒಂದೇ." ಬೈದಿದ್ದರೆ ಸಹಿಸಬಹುದಿತ್ತು.

ಆ ವರ್ಷದ ತಂಬಿಲಕ್ಕೆ ದೈವದ ಪಾತ್ರಿ ಹೊಸಬ. ಹಳೇ ಪಾತ್ರಿ ತೀರಿಕೊಂಡಿದ್ದ, ಇವನಿಗೆ ನಮ್ಮಲ್ಲಿ ಯಾರು ಯಾರೆಂದು ಗೊತ್ತಿರಲಿಲ್ಲ. ಮೈಮೇಲೆ ದೈವ ಬಂದು ನಡುಗುತ್ತಾ ಪ್ರಸಾದ ಹಿಡಿದು ಬಂದವನು ನಮ್ಮಿಬ್ಬರನ್ನೂ ನೋಡಿದ. ಒಂದು ಕಡೆ ಕಪ್ಪು ಕೂದಲು, ನೆಟ್ಟಗಿನ ಬೆನ್ನು. ಇನ್ನೊಂದು ಕಡೆ ಬೋಳುತಲೆ, ನರೆತ ಮೀಸೆ. ಸೀದಾ ಬಂದು ಗಂಧಪ್ರಸಾದವನ್ನು ನನ್ನ ಕೈಗೆ ಹಾಕಿದ. ನನ್ನ ಕೈ ಮೊದಲೇ ಚಾಚಿತ್ತು ಎಂದು ಕೆಲವರು ಈಗಲೂ ಹೇಳುತ್ತಾರೆ, ಹೇಳಲಿ. ಹಿಂದಿನಿಂದ ಅಮ್ಮನ ದನಿ ಕೇಳಿತು: "ಅವನು ಅಳಿಯ. ಯಜಮಾನ ಆಚೆ ನಿಂತದ್ದು."

ಕೈಗೆ ಬಂದದ್ದನ್ನು ಮಾವನ ಕೈಗೆ ದಾಟಿಸಿದೆ. "ಇರಲಿ, ಯಾರ ಕೈಯಾದರೆ ಎಂತ, ಮನೆಗೇ ಬಂತಲ್ಲ" ಎಂದರು ಮಾವ. ಎಂಥ ದೊಡ್ಡ ಮನಸ್ಸು ಎಂದು ಊಟದ ಪಂಕ್ತಿಯಲ್ಲೆಲ್ಲ ಅದೇ ಮಾತು. ನೋಡಿ, ಆ ಹೊಗಳಿಕೆಯೂ ಅವರಿಗೇ ಹೋಯಿತು.

ತಡೆಯಲಾರದೆ ಕೇಳಿಯೇ ಬಿಟ್ಟೆ. "ಮಾವ, ನೀವು ಇನ್ನೂ ಎಷ್ಟು ವರ್ಷ ಹೀಗೇ ಇರುವುದು?"

"ಅಕ್ಕ ಇರುವವರೆಗೆ" ಎಂದು ನಕ್ಕರು. ತಮಾಷೆ ಎಂದುಕೊಂಡೆ.

ಮುಂದಿನ ಮಳೆಗಾಲದಲ್ಲಿ ಅಮ್ಮ ನಿದ್ದೆಯಲ್ಲೇ ಹೋದಳು. ಉತ್ತರಕ್ರಿಯೆ ಮುಗಿದ ಮರುದಿನ ಮಾವ ನನ್ನನ್ನು ಚಾವಡಿಯಲ್ಲಿ ಕೂರಿಸಿ, ದೈವದ ಕೋಣೆಯ ಬೀಗದ ಕೈ ತೆಗೆದು ನನ್ನ ಮುಂದಿಟ್ಟರು. ಬೆಳಗಿನ ಹೊತ್ತು. ಅವರ ಮುಖ ಬಿಳುಚಿಕೊಂಡಿತ್ತು, ಗಡ್ಡದಲ್ಲಿ ಬಿಳಿ ಕೂದಲು ಎದ್ದು ಕಾಣುತ್ತಿತ್ತು.

"ಮದ್ದು ತೆಗೆದುಕೊಂಡಿಲ್ವಾ ಮಾವ?"

"ಇನ್ನು ಎಂತಕ್ಕೆ?" ಎಂದರು. "ಅಣ್ಣಂದಿರು ಮೂವರೂ ತಲೆಯ ನಾಳ ಒಡೆದು ಹೋದದ್ದು. ಮೂವರ ಬಾಯಿಗೂ ನೀರು ಬಿಟ್ಟವಳು ಅಕ್ಕ. ಒಂದು ದಿನ ನನ್ನ ಕೈ ಹಿಡಿದು, 'ತಮ್ಮಾ, ನಿನ್ನನ್ನೂ ಕಳುಹಿಸಿಕೊಡಲು ನನ್ನಿಂದ ಆಗುವುದಿಲ್ಲ' ಅಂತ ಅತ್ತಳು. ಅವಳಿಗಿಂತ ಮೊದಲು ನಾನು ಹೋಗುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಆಯಿತಲ್ಲ, ಅವಳು ಹೋದಳು. ಇನ್ನು ನೀನು ಯಜಮಾನ."

ನಾನು ಇಷ್ಟು ವರ್ಷ ಕಾದದ್ದು ಅಂಗೈ ದೂರದಲ್ಲಿತ್ತು. ಮುಟ್ಟಲು ಕೈ ಬರಲಿಲ್ಲ. ಆಗಲೂ ನನಗೆ ಬಂದದ್ದು ಹೊಟ್ಟೆಕಿಚ್ಚೇ, ಅದೂ ತೀರಿಕೊಂಡ ಅಮ್ಮನ ಮೇಲೆ. ಅವಳಿಗೋಸ್ಕರ ಇಷ್ಟು ವರ್ಷ ಇದ್ದವರು ನನಗೋಸ್ಕರ ಇರಬಾರದಾ?

ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿದೆ. ಅಯೋಡಿನ್ ಹೆಚ್ಚು ಬಿದ್ದು ಮೊದಲ ಲೋಟ ಚೆಲ್ಲಬೇಕಾಯಿತು, ಇನ್ನೊಂದು ಲೋಟ ಮಾಡಿ ತಂದೆ. ಮಾವ ನನ್ನನ್ನೂ ಲೋಟವನ್ನೂ ನೋಡಿದರು.

"ಯಾರಿಗೋಸ್ಕರ ಮಾರಾಯ?"

"ನಾನಿದ್ದೇನಲ್ಲ ಮಾವ" ಎಂದೆ.