ದೀಪದ ದೊರೆಯ ಮೇಲೆ ಏಳನೇ ಆರೋಪ

ನೆವೆಂಕಾ: ಹೊಲಿಯಲ್ಲ ಅಂದ್ರೆ ಹೊಲಿಯಲ್ಲ. ಬಟ್ಟೆ ಇಲ್ದೇನೇ ಸುಟ್ಕೊ ಹೋಗು.

ಯೆರ್ಕೊ: ಬಟ್ಟೆ ಇಲ್ದೆ ಹೇಗೇ ಸುಡೋದು? ಬರೀ ಹುಲ್ಲಿನ ಮೂಟೆ ಅದು! ಯೆರ್ಕೊ ಕುರಿ ಮೇವಿನ ಮೇಲೆ ಕೇಸು ಹಾಕಿದಾನೆ ಅಂತಾರೆ ಜನ.

ನೆವೆಂಕಾ: ಅನ್ನಲಿ ಬಿಡು. ಹೋದ ವರ್ಷ ಪಾರ್ಕಿಂಗ್ ಯಂತ್ರದ ಮೇಲೆ ಹಾಕಿದ್ದೆ, ಆಗ ಯಾರೂ ಏನೂ ಅನ್ನಲಿಲ್ವಲ್ಲ.

ಯೆರ್ಕೊ: ಆ ಯಂತ್ರಕ್ಕೂ ನೀನೇ ಅಂಗಿ ಹೊಲಿದಿದ್ದೆ! ಗುಂಡಿ ಸಮೇತ!

ನಮ್ಮ ಬೀದಿ ಎಷ್ಟು ಕಿರಿದೆಂದರೆ, ಅವರ ಅಡುಗೆಮನೆಯ ಕಿಟಕಿಯಿಂದ ನನ್ನ ಕಿಟಕಿಗೆ ಉಪ್ಪಿನ ಡಬ್ಬಿಯನ್ನು ಕೈಯಿಂದ ಕೈಗೇ ದಾಟಿಸಬಹುದು. ಹಾಗಾಗಿ ನಾನು ಕದ್ದು ಕೇಳಿದೆ ಎಂದು ಯಾರೂ ಹೇಳುವಂತಿಲ್ಲ. ಕೇಳದಿರಬೇಕಾದರೆ ನಾನು ಮನೆಯನ್ನೇ ಬದಲಿಸಬೇಕಿತ್ತು. ಸೋಮವಾರ ಬೆಳಗ್ಗೆ ಹತ್ತು ಗಂಟೆ. ಮರುದಿನ ಮಧ್ಯಾಹ್ನ ಮೂರಕ್ಕೆ ಕಾರ್ನಿವಲ್ಲಿನ ಕೊನೆಯ ದಿನದ ವಿಚಾರಣೆ. ಅಂದು ನಮ್ಮ ದ್ವೀಪದಲ್ಲಿ ಒಬ್ಬ ಹುಲ್ಲಿನ ಮನುಷ್ಯನನ್ನು ದಕ್ಕೆಯ ಮೇಲೆ ನಿಲ್ಲಿಸಿ, ವರ್ಷವಿಡೀ ಊರಿಗಾದ ಕೆಡುಕನ್ನೆಲ್ಲ ಅವನ ತಲೆಗೆ ಕಟ್ಟಿ, ಆರೋಪಪಟ್ಟಿ ಓದಿ, ಅವನ ಪರ ವಕೀಲನ ಮಾತನ್ನೂ ಕೇಳಿದಂತೆ ಮಾಡಿ, ಆಮೇಲೆ ಸುಡುತ್ತೇವೆ. ಇವತ್ತಿನವರೆಗೆ ಒಬ್ಬನೂ ಖುಲಾಸೆಯಾಗಿಲ್ಲ. ಆರೋಪಪಟ್ಟಿ ಬರೆಯುವವನು ಯೆರ್ಕೊ, ಮೂವತ್ತೊಂದು ವರ್ಷ ಫೆರ್ರಿಯ ಚುಕ್ಕಾಣಿ ಹಿಡಿದು ನಿವೃತ್ತನಾದವನು. ಹುಲ್ಲಿನ ಮನುಷ್ಯನಿಗೆ ಬಟ್ಟೆ ಹೊಲಿಯುವವಳು ಅವನ ಹೆಂಡತಿ ನೆವೆಂಕಾ. ಈ ಸಲದ ಅಪರಾಧಿ ದೀಪದ ದೊರೆ.

ಎಂಟು ವರ್ಷ ‘ಒಂಬತ್ತು ಬಂದರುಗಳು’ ಧಾರಾವಾಹಿ ನೋಡಿದವರಿಗೆ ಆತ ಯಾರೆಂದು ಹೇಳಬೇಕಿಲ್ಲ. ನೋಡದ ಪುಣ್ಯವಂತರಿಗೆ ಇಷ್ಟು ಸಾಕು: ಏಳು ಸೀಸನ್ನಿನ ಉದ್ದಕ್ಕೂ ರಾಣಿಯರೂ ಕಡಲುಗಳ್ಳರೂ ಒಂದು ಸಿಂಹಾಸನಕ್ಕಾಗಿ ಕತ್ತು ಕುಯ್ದುಕೊಂಡರು. ಎಂಟನೆಯ, ಕೊನೆಯ ಸೀಸನ್ನಿನಲ್ಲಿ ಆರೇ ಕಂತಿಗೆ ಎಲ್ಲವನ್ನೂ ಗುಡಿಸಿ ಮೂಲೆಗೆ ಹಾಕಿ, ಅದುವರೆಗೆ ಒಟ್ಟು ಐದು ಮಾತು ಆಡಿದ್ದ ದೀಪಸ್ತಂಭದ ಕಾವಲುಗಾರನನ್ನು ತಂದು ದೊರೆ ಮಾಡಿಬಿಟ್ಟರು. ಅರ್ಧ ಚಿತ್ರೀಕರಣ ನಡೆದದ್ದು ನಮ್ಮ ಕೋಟೆಯಲ್ಲೇ. ಧಾರಾವಾಹಿ ಮುಗಿದು ಎಂಟು ತಿಂಗಳಾಯಿತು, ಊರು ಇನ್ನೂ ಎರಡು ಹೋಳು. ಕೊನೆ ಇಷ್ಟವಾದವರು ದಕ್ಕೆಯ ಕಾಫಿ ಅಂಗಡಿಯಲ್ಲಿ ಕೂರುತ್ತಾರೆ, ಆಗದವರು ಚರ್ಚಿನ ಪಕ್ಕದ್ದರಲ್ಲಿ. ಪಾದ್ರಿಗಳು ಯಾರಿಗೂ ಬೇಸರವಾಗದಿರಲೆಂದು ಎರಡೂ ಕಡೆ ಕಾಫಿ ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದಾರೆ.

ಯೆರ್ಕೊ: ಅಲ್ಲ ಕಣೇ, ಆ ದೊರೆ ಮೇಲೆ ನಿಂಗೆ ಅಷ್ಟೇನು ಅಕ್ಕರೆ?

ನೆವೆಂಕಾ: ಅಕ್ಕರೆ ಏನಿಲ್ಲ. ಧಾರಾವಾಹಿ ಚೆನ್ನಾಗೇ ಮುಗೀತು. ಮುಗಿದಿದ್ದನ್ನ ಕೆದಕೋದ್ಯಾಕೆ?

ಯೆರ್ಕೊ: ಚೆನ್ನಾಗಿ ಮುಗೀತಾ? ಮೊದಲನೇ ಸೀಸನ್ನಲ್ಲಿ ಒರ್ವೇಲಾ ರಾಣಿ ಉತ್ತರದ ಬಂದರಿಂದ ಹೊರಟ್ಲು. ದಕ್ಷಿಣದ್ದು ಮುಟ್ಟೋಕೆ ಎಷ್ಟು ಕಂತಾಯ್ತು? ನಾಲ್ಕು! ಕೊನೇ ಸೀಸನ್ನಲ್ಲಿ? ಈ ಕಡೆ ಹಗ್ಗ ಬಿಚ್ಚಿದ್ಲು, ನಾನು ಲೋಟ ಕೆಳಗಿಡೋದ್ರೊಳಗೆ ಆ ಕಡೆ ಹಗ್ಗ ಕಟ್ಟಿದ್ಲು! ಅದೂ ಎದುರುಗಾಳೀಲಿ! ಬಾವುಟ ನೋಡಿದೀನಿ ನಾನು.

ನೆವೆಂಕಾ: ಅದು ಮಾಯದ ಹಡಗು ಕಣೋ.

ಯೆರ್ಕೊ: ಮಾಯದ್ದೇ ಆಗಿದ್ರೆ ಮೊದಲನೇ ಸಲ ಯಾಕೆ ನಾಲ್ಕು ಕಂತು ವಾಂತಿ ಮಾಡ್ಕೊಂಡು ಹೋದ್ಲು?

ನೆವೆಂಕಾ: ಮೂವತ್ತೊಂದು ವರ್ಷದಲ್ಲಿ ನೀನು ಒಂದು ದಿನ ಹೊತ್ತಿಗೆ ಸರಿಯಾಗಿ ಫೆರ್ರಿ ತಂದಿದ್ಯಾ? ಬೇಗ ಬರೋರನ್ನ ಕಂಡ್ರೆ ನಿಂಗೆ ಹೊಟ್ಟೆಯುರಿ.

ಯೆರ್ಕೊ: ನಂಗೆ ಗೊತ್ತು ಬಿಡು. ಆ ನಟ, ದೀಪದ ದೊರೆ ವೇಷದೋನು, ಶೂಟಿಂಗಲ್ಲಿ ನಿನ್ನ ಪಕ್ಕ ಮೂರು ದಿನ ನಿಂತಿದ್ನಲ್ಲ. ನೋಡಿ ನಕ್ಕನಂತೆ.

ನೆವೆಂಕಾ: ನಗದೆ ಇನ್ನೇನು ಮಾಡ್ತಾನೆ? ಅವನ ಗಡ್ಡ ಬಿಸಿಲಿಗೆ ಅಂಟು ಬಿಟ್ಟು ಅರ್ಧ ನೇತಾಡ್ತಿತ್ತು. ಅರವತ್ತೆರಡು ವರ್ಷ ನಂಗೆ! ಎಲ್ಲಿ, ಆ ಕಾಗದ ಕೊಡು, ಏನು ಬರೆದಿದೀಯ ನೋಡೋಣ.

ಯೆರ್ಕೊ ಅಂಗಿಯೊಳಗಿದ್ದ ಸುರುಳಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಮೇಜಿನ ಆಚೆ ಬದಿಗೆ ಸರಿದ.

ಯೆರ್ಕೊ: ಆರೋಪಪಟ್ಟೀನ ವಿಚಾರಣೆಗೆ ಮುಂಚೆ ಎದುರು ವಕೀಲನಿಗೆ ಬಿಟ್ಟು ಯಾರಿಗೂ ತೋರಿಸೋ ಹಾಗಿಲ್ಲ. ನಮ್ಮಜ್ಜನ ಕಾಲದಿಂದ ಬಂದಿದ್ದು.

ನೆವೆಂಕಾ: ಎಷ್ಟು ಆರೋಪ?

ಯೆರ್ಕೊ: ಏಳು.

ನೆವೆಂಕಾ: ನಿನ್ನೆ ಆರು ಅಂದಿದ್ದೆ.

ಯೆರ್ಕೊ: ಇವತ್ತು ಗಡ್ಡ ಮಾಡ್ಕೊಳ್ತಿದ್ದಾಗ ಇನ್ನೊಂದು ಹೊಳೀತು.

ನೆವೆಂಕಾ: ಏಳನೇದು ನನ್ನ ವಿಷಯ ತಾನೇ?

ಯೆರ್ಕೊ ಕೆಮ್ಮಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಬರುವುದು ಕೆಮ್ಮು ಮಾತ್ರ.

ನೆವೆಂಕಾಳ ವಿಷಯ ಇಡೀ ದ್ವೀಪಕ್ಕೆ ಗೊತ್ತು. ಧಾರಾವಾಹಿ ಮುಗಿಯುವ ಹಿಂದಿನ ವರ್ಷದ ಬೇಸಿಗೆಯಲ್ಲಿ ಕೊನೆಯ ಕಂತಿನ ಕೊನೆಯ ದೃಶ್ಯಕ್ಕೆ ಅವಳನ್ನು ಆರಿಸಿದ್ದರು: ಹೊಸ ದೊರೆ ನಡೆದು ಬರುವಾಗ ಬುಟ್ಟಿಯಿಂದ ಮೀನೊಂದನ್ನು ತೆಗೆದು ಕೊಡುವ ಹೆಂಗಸು. ಅವಳು ಬೇಕರಿಯಲ್ಲಿ ಹೇಳಿದಳು, ಅಂಚೆ ಕಚೇರಿಯಲ್ಲಿ ಹೇಳಿದಳು, ಆಸ್ಟ್ರೇಲಿಯಾದ ತಂಗಿಗೆ ಫೋನು ಮಾಡಿ ಹೇಳಿದಳು. ಕೊನೆಯ ಕಂತು ಬಂದ ದಿನ ಸಭಾಭವನದಲ್ಲಿ ದೊಡ್ಡ ಪರದೆ ಕಟ್ಟಿ ನಾಲ್ಕು ನೂರು ಕುರ್ಚಿ ಹಾಕಿದರು. ಅವಳು ಎರಡು ಟ್ರೇ ಕೇಕು ಮಾಡಿ ತಂದಿದ್ದಳು. ದೊರೆ ನಡೆದು ಬಂದ. ಪರದೆಯ ಅಂಚಿನಲ್ಲಿ ಒಂದು ಮೊಣಕೈ, ಒಂದು ಬುಟ್ಟಿಯ ಹಿಡಿ. ಅಷ್ಟರಲ್ಲಿ ನಟರ ಹೆಸರುಗಳು ಓಡತೊಡಗಿದವು. ಯಾರೋ ‘ಮೊಣಕೈಗೆ ಜಯವಾಗಲಿ’ ಎಂದು ಕೂಗಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಅಂದಿನಿಂದ ಮೀನು ಮಾರುಕಟ್ಟೆಯಲ್ಲಿ ಅವಳ ಬೆನ್ನ ಹಿಂದಿನ ಹೆಸರು ಮೊಣಕೈ. ಕೊನೆ ಚೆನ್ನಾಗಿತ್ತು ಎಂದುಬಿಟ್ಟರೆ ಮಾತು ಅಲ್ಲಿಗೇ ನಿಲ್ಲುತ್ತದೆಂದು ಅವಳು ಎಲ್ಲರೆದುರು ಚೆನ್ನಾಗಿತ್ತು ಎನ್ನುತ್ತಾಳೆ. ನಾಳೆ ಅದೇ ಜನರೆದುರು ಯೆರ್ಕೊ ಅದನ್ನು ಎತ್ತಿದರೆ ಅವಳು ಮತ್ತೆ ನಗೆಪಾಟಲು. ಅವಳಿಗೆ ಎಷ್ಟು ನೋವಾಗಿದೆ ಎಂದು ನನಗೆ ಗೊತ್ತು. ಅಂದು ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು.

ಅಷ್ಟರಲ್ಲಿ ಬಾಗಿಲು ತಟ್ಟದೆ ದುಯಾಮ್ ಒಳಗೆ ಬಂದ. ಔಷಧಿ ಅಂಗಡಿಯವನು, ಇವರ ಮಗನನ್ನು ದೀಕ್ಷಾಸ್ನಾನದಲ್ಲಿ ಎತ್ತಿ ಹಿಡಿದವನು. ಆ ನಂಟಿನಿಂದ ಗಂಡಸರಿಬ್ಬರೂ ಒಬ್ಬರನ್ನೊಬ್ಬರು ‘ಕುಮೆ’ ಎಂದು ಕರೆಯುತ್ತಾರೆ. ಹುಲ್ಲಿನ ಮನುಷ್ಯನ ಪರ ವಾದಿಸುವವನು ಅವನೇ. ಹನ್ನೆರಡು ವರ್ಷದಲ್ಲಿ ಹನ್ನೆರಡು ಸಲ ಸೋತಿದ್ದಾನೆ.

ದುಯಾಮ್: ಕುಮೆ, ಈ ಸಲ ಗೆಲುವು ನಂದು. ಇಪ್ಪತ್ತೆರಡು ಪುಟ ಬರೆದಿದೀನಿ. ಏನದು ಘಮಘಮ? ಕ್ರೊಶ್ಟುಲೆ ಕರಿದಿದೀರಾ? ಒಂದೇ ಒಂದು ತಗೋತೀನಿ, ಬುಧವಾರದಿಂದ ಹೇಗಿದ್ರೂ ತಪಸ್ಸುಕಾಲದ ಉಪವಾಸ.

ಯೆರ್ಕೊ: ಗೆಲುವು ಆಮೇಲೆ. ಇವಳು ಬಟ್ಟೆ ಹೊಲಿಯಲ್ವಂತೆ.

ದುಯಾಮ್: ಹೊಲಿಯಲ್ವಾ? (ಸಕ್ಕರೆ ಮೆತ್ತಿದ ಕೈಯಲ್ಲೇ ನೆವೆಂಕಾಳ ಕೈ ಹಿಡಿದು) ನಂಗೊತ್ತಿತ್ತು! ಮನೆಯೊಳಗೇ ನಮ್ಮ ಪಕ್ಷದೋಳು! ನಾಳೆ ನೀನೇ ನನ್ನ ಸಾಕ್ಷಿ. ಕೊನೇ ದೃಶ್ಯ ಹೇಗೆ ಮನಸ್ಸಿಗೆ ತಟ್ಟಿತು ಅಂತ ಜನಕ್ಕೆ ಹೇಳ್ಬೇಕು ನೀನು.

ನೆವೆಂಕಾ: ನಾನು ಯಾರ ಪಕ್ಷಾನೂ ಅಲ್ಲ. ಕೈ ಬಿಡು, ಎಣ್ಣೆ ಎಣ್ಣೆ.

ದುಯಾಮ್: ನೋಡಿದ್ಯಾ ಕುಮೆ, ಮಾತೇ ಹೊರಡ್ತಿಲ್ಲ, ಅಷ್ಟು ಮನಸ್ಸಿಗೆ ತಟ್ಟಿದೆ!

ಯೆರ್ಕೊ: ಏನು ತಟ್ಟೋದು? ಆ ಸಮುದ್ರದ ಹಾವು! ಏಳು ಸೀಸನ್ ಬರೀ ಒಂದು ಕಣ್ಣು ತೋರಿಸಿ ಹೆದರಿಸಿದ್ರು. ಕೊನೆಗೂ ಬಂತು. ಅಡುಗೆಯವಳು ಒಂದು ಬಾಣಲೆ ಬಿಸಿ ಎಣ್ಣೆ ಸುರಿದ್ಲು, ಸತ್ತುಹೋಯ್ತು!

ದುಯಾಮ್: ಬಿಸಿ ಎಣ್ಣೆ ಬಿದ್ರೆ ನೀನೂ ಸಾಯ್ತೀಯ.

ಯೆರ್ಕೊ: ನಾನೇನು ಮೂರು ಮೈಲಿ ಉದ್ದ ಇದೀನಾ?

ದುಯಾಮ್: ಉದ್ದ ಮುಖ್ಯ ಅಲ್ಲ, ಬಿದ್ದ ಜಾಗ ಮುಖ್ಯ. ಔಷಧಿ ಕೊಡೋನು ಹೇಳ್ತಿದೀನಿ, ಕೇಳು. ಅಲ್ಲಯ್ಯಾ, ಮೊದಲು ಅದು ಮುಗೀತಲ್ಲ, ಅದಕ್ಕೆ ಸಂತೋಷಪಡು! ಈ ದ್ವೀಪದಲ್ಲಿ ಯಾವುದಾದ್ರೂ ಮುಗಿದಿದ್ದು ನೋಡಿದೀಯಾ? ನೀರಿನ ಪೈಪಿಗೆ ಹನ್ನೊಂದು ವರ್ಷದಿಂದ ಅಗೀತಾನೇ ಇದಾರೆ. ನಮ್ಮ ಆಲಿವ್ ತೋಟದ ವ್ಯಾಜ್ಯ ನಮ್ಮ ಮುತ್ತಜ್ಜ ಶುರುಮಾಡಿದ್ದು. ಯಾರೋ ಪುಣ್ಯಾತ್ಮರು ಆರು ವಾರಕ್ಕೆ ಎಲ್ಲಾ ಮುಗಿಸಿ, ಕೈ ತೊಳ್ಕೊಂಡು ಹೋದ್ರು. ಬೇಗ ಮುಗಿದಿದ್ದಕ್ಕೆ ಯಾರಾದ್ರೂ ಅಳ್ತಾರಾ?

ಯೆರ್ಕೊ: ಹಲ್ಲು ಕೀಳೋನು ಬೇಗ ಮುಗಿಸಿದ್ರೆ ಅಳಲ್ಲ. ಕಥೆ ಹೇಳೋನು ಹಾಗೆ ಮಾಡಿದ್ರೆ ಅಳ್ತೀನಿ.

ದುಯಾಮ್ ಆ ಸಿಹಿಯ ತಟ್ಟೆಯನ್ನೇ ಕೈಗೆತ್ತಿಕೊಂಡು ಇನ್ನೊಂದು ಕ್ರೊಶ್ಟುಲೆ ಬಾಯಿಗಿಟ್ಟ. ಅದು ಮುಗಿಯುವ ಮೊದಲೇ ಮೂರನೆಯದನ್ನೂ ತೆಗೆದುಕೊಂಡ. ಆಮೇಲೆ ಕೋಟಿನ ಜೇಬಿನಿಂದ ಆರೋಪಪಟ್ಟಿಯ ತನ್ನ ಪಾಲಿನ ಪ್ರತಿ ತೆಗೆದು ಕನ್ನಡಕ ಏರಿಸಿದ. ಬೆಳಗ್ಗೆ ಏಳಕ್ಕೇ ಯೆರ್ಕೊ ಅದನ್ನು ಅವನ ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸಿ ಬಂದಿದ್ದ.

ದುಯಾಮ್: ಐದನೇದು ಮಾತ್ರ ಚೆನ್ನಾಗಿ ಬರೆದಿದೀಯ, ಒಪ್ಪಿಕೊಳ್ಳಬೇಕು. “ಆರೋಪ ಐದು: ಸದರಿ ಆಸಾಮಿಯು ಎಂಟು ವರ್ಷದಲ್ಲಿ ಐದು ಮಾತು ಆಡಿ ಸಿಂಹಾಸನ ಹೊಡೆದುಕೊಂಡದ್ದು. ಈ ಲೆಕ್ಕದಲ್ಲಿ ನಮ್ಮ ಬಾವಿಕಟ್ಟೆಯ ಕಲ್ಲಿಗೂ ದೊರೆತನದ ಹಕ್ಕಿದೆ.” ಹ್ಹಹ್ಹ! ಏಳನೇದು ಇನ್ನೂ ಓದಿಲ್ಲ. “ಆರೋಪ ಏಳು: ನಮ್ಮೂರಿನ ಒಬ್ಬ ಹೆಂಗಸನ್ನು…”

ಯೆರ್ಕೊ: ಕುಮೆ, ಬೇಡ. ಮಡಚು ಅದನ್ನ.

ನೆವೆಂಕಾ: ಓದು.

ಯೆರ್ಕೊ: ನಾಳೆ ಕೇಳಿದ್ರಾಯ್ತು.

ನೆವೆಂಕಾ: ದುಯಾಮ್, ಓದ್ತೀಯೋ, ತಟ್ಟೆ ಇಲ್ಲಿ ಕೊಡ್ತೀಯೋ? ಇಬ್ರೂ ಸೇರ್ಕೊಂಡು ನನ್ನ ಆಡ್ಕೊಳೋಕೆ ಹೊರಟಿದೀರಾ. ಊರೆಲ್ಲಾ ಅಂದಿದ್ದು ಸಾಲ್ದು, ಈಗ ಮನೆಯೋನೇ ಮೈಕ್ ಹಿಡಿದು ಅಂತಾನೆ. ಓದು, ಎಲ್ಲಾ ಕೇಳೇಬಿಡ್ತೀನಿ.

ಯೆರ್ಕೊ ಕಿಟಕಿಯ ಕಡೆ ತಿರುಗಿ ನಿಂತ; ಅಲ್ಲಿ ನಾನಿದ್ದೆನಾದ್ದರಿಂದ ಮತ್ತೆ ಒಲೆಯ ಕಡೆ ತಿರುಗಿದ. ದುಯಾಮ್ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಓದಿದ.

ದುಯಾಮ್: “…ನಮ್ಮೂರಿನ ಒಬ್ಬ ಹೆಂಗಸನ್ನು ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಉಣ್ಣೆಯ ಲಂಗ ಉಡಿಸಿ, ಹನ್ನೊಂದು ಕಿಲೋ ಮೀನಿನ ಬುಟ್ಟಿ ಹೊರಿಸಿ, ಮೂರು ದಿನ ನಿಲ್ಲಿಸಿ, ಕೊನೆಗೆ ಮನೆಗೆ ಹೋಗುವ ಅವಸರದಲ್ಲಿ ಅವಳ ಮುಖವನ್ನು ಕತ್ತರಿಸಿ ಎಸೆದದ್ದು. ಆ ಮುಖವನ್ನು ನಾನು ಮೂವತ್ತೆಂಟು ವರ್ಷದಿಂದ ದಿನವೂ ನೋಡುತ್ತಿದ್ದೇನೆ. ಅದಕ್ಕಿಂತ ನೋಡತಕ್ಕದ್ದು ಎಂಟು ಸೀಸನ್ನಿನಲ್ಲಿ ಎಲ್ಲೂ ಕಾಣಲಿಲ್ಲ. ಉಳಿದ ಆರು ಆರೋಪಗಳನ್ನು ಬೇಕಾದರೆ ಬಿಟ್ಟುಕೊಡುತ್ತೇನೆ. ಇದಕ್ಕೆ ಬೆಂಕಿಯೇ ಆಗಬೇಕು.”

ದುಯಾಮ್ ಕನ್ನಡಕ ತೆಗೆದು ಒರೆಸಿದ, ಸಕ್ಕರೆ ಮೆತ್ತಿ ಅದು ಇನ್ನೂ ಮಬ್ಬಾಯಿತು. ಅಂದು ಚಪ್ಪಾಳೆ ತಟ್ಟಿದ ಕೈಯಲ್ಲೇ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ನನಗೆ ನಾಚಿಕೆಯಾಯಿತು.

ನೆವೆಂಕಾ: ಇದನ್ನ ಎಲ್ಲರೆದುರು ಓದ್ತೀಯಾ?

ಯೆರ್ಕೊ: ಅವತ್ತು ನಾಲ್ಕು ನೂರು ಜನ ಕೂತ್ಕೊಂಡು ನಕ್ಕರು. ನಾಳೆ ಅಷ್ಟೂ ಜನ ನಿಂತ್ಕೊಂಡು ಕೇಳಲಿ.

ನೆವೆಂಕಾ: ಮತ್ತೆ ಎಂಟು ತಿಂಗಳಿಂದ ಹಡಗು, ಹಾವು, ಗಾಳಿ ಅಂತ ಬಾಯಿ ಬಡ್ಕೊಂಡಿದ್ದೇನೋ?

ಯೆರ್ಕೊ: ಅದೂ ತಪ್ಪೇ ಕಣೇ. ಎದುರುಗಾಳೀಲಿ ಅಷ್ಟು ಬೇಗ ಯಾರಪ್ಪನಿಂದಲೂ ಬರಕ್ಕಾಗಲ್ಲ.

ನೆವೆಂಕಾ ಮೂಗೊರೆಸಿಕೊಂಡಳು. ಬೀರುವಿನಿಂದ ಕಿಟಕಿಯ ಹಳೆಯ ಹಸಿರು ಪರದೆಯೊಂದನ್ನು ಎಳೆದು ಮೇಜಿನ ಮೇಲೆ ಹರಡಿ, ಕತ್ತರಿ ಕೈಗೆತ್ತಿಕೊಂಡಳು.

ನೆವೆಂಕಾ: ಹನ್ನೊಂದು ಕಿಲೋ ಅಲ್ಲ.

ಯೆರ್ಕೊ: ಏನು?

ನೆವೆಂಕಾ: ಹದಿನಾಲ್ಕು. ತಿದ್ದು. ಕೆಳಗೆ ಐಸ್ ಹಾಕಿದ್ರು. ಮತ್ತೆ ಇದನ್ನ ನೀನು ಓದೋದು ಬೇಡ, ನಡುವೆ ಕೆಮ್ತೀಯ. ನಾನೇ ಮುಂದೆ ನಿಂತು ಓದ್ತೀನಿ, ಮುಖಾನ ಎಲ್ರೂ ಸರಿಯಾಗಿ ನೋಡಲಿ.

ಯೆರ್ಕೊ ಪೆನ್ನು ಹುಡುಕುತ್ತ ಜೇಬು, ಡ್ರಾಯರು, ಬ್ರೆಡ್ಡಿನ ಡಬ್ಬಿ ಎಲ್ಲ ತಡಕಾಡಿದ. ದುಯಾಮ್ ತನ್ನ ಇಪ್ಪತ್ತೆರಡು ಪುಟಗಳನ್ನು ಎದೆಗೊತ್ತಿಕೊಂಡು ಕುಳಿತಿದ್ದ.

ದುಯಾಮ್: ಅಲ್ಲಮ್ಮಾ, ನೀನೇ ಎದ್ದುನಿಂತು ಇದನ್ನ ಓದಿದ್ಮೇಲೆ ನಾನು ಏನು ವಾದ ಮಾಡ್ಲಿ? ಮೂರು ವಾರ ಕೂತು ಬರೆದಿದೀನಿ!

ನೆವೆಂಕಾ: ಮಾಡಪ್ಪ, ಯಾರು ಬೇಡ ಅಂದ್ರು? ಮೊದಲ ಎರಡು ಪುಟಾನ ಆರಾಮಾಗಿ, ನಿಲ್ಲಿಸಿ ನಿಲ್ಲಿಸಿ ಓದು. ಉಳಿದ ಇಪ್ಪತ್ತು ಪುಟಾನ ಆರು ವಾಕ್ಯಕ್ಕೆ ಮುಗಿಸಿ ಕೂತ್ಕೊ. ಬೇಗ ಮುಗಿದ್ರೆ ಯಾರೂ ಅಳಲ್ಲ.